ನಫ್ತಾಲಿಯ ಶುದ್ಧ ಮಡಕೆ

ನನ್ನ ಅಕ್ಕನ ಗಂಡ ಬೊಂಗೊ ನಫ್ತಾಲಿ ಉಪ್ಪು ತಿನ್ನುವವನಲ್ಲ, ಮಾಂಸ ತಿನ್ನುವವನಲ್ಲ, ಹಾಲು ಕುಡಿಯುವವನಲ್ಲ, ಮೊಟ್ಟೆಯ ಮುಖ ನೋಡುವವನಲ್ಲ. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದು ಅವನಿಗಾಗದು. ಮಣ್ಣಿನ ಮಡಕೆಯೇ ಆಗಬೇಕು, ಮರದ ಸೌಟೇ ಆಗಬೇಕು, ಸೋರೆ ಬುರುಡೆಯ ಬಟ್ಟಲಲ್ಲೇ ಬಡಿಸಬೇಕು. ಜಟೆ ಬಿಟ್ಟು ಶುದ್ಧದ ವ್ರತ ಹಿಡಿಯುವ ಅವನ ಪಂಥದವರು, ರಾಸ್ತಾಗಳು, ಎಲ್ಲ ಹೀಗೇ ಎಂದು ತಿಳಿಯಬೇಡಿ. ನಮ್ಮ ಸೀಡರ್ ಗುಡ್ಡದಲ್ಲಿ ಜಟೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಗೇಣುದ್ದದ ಮೀನು ತಿನ್ನುತ್ತಾರೆ. ದೊಡ್ಡ ಮೀನು ಇನ್ನೊಂದನ್ನು ನುಂಗಿ ಬೆಳೆದದ್ದು, ಚಿಕ್ಕದು ಪಾಪದ್ದು ಎನ್ನುವುದು ಅವರ ಲೆಕ್ಕ. ನಫ್ತಾಲಿಯೂ ಮೊದಲು ತಿನ್ನುತ್ತಿದ್ದ. ನನ್ನ ಅಕ್ಕ ಈನಿಡ್ ಸತ್ತ ವರ್ಷ ಅದನ್ನೂ ಬಿಟ್ಟ. ಸಾವಿನ ವಾಸನೆ ಇರುವ ಯಾವುದೂ ಈ ದೇಹದೊಳಗೆ ಹೋಗಬಾರದು ಎಂದ.

ಅಕ್ಕನನ್ನು ಹೂಳುವಾಗಲೂ ಅವನು ಬರಲಿಲ್ಲ. ಹೆಣದ ಹತ್ತಿರ ಹೋಗುವುದು ಅವರಲ್ಲಿ ಮೈಲಿಗೆ. ನಾವು ಗುಡ್ಡದ ಕೆಳಗೆ ಹಾಡುತ್ತಾ ಮಣ್ಣು ಹಾಕುತ್ತಿದ್ದಾಗ ಅವನು ಮೇಲೆ ಗೆಣಸಿನ ಪಾತಿಯಲ್ಲಿ ಕಳೆ ಕೀಳುತ್ತಿದ್ದ. ನನಗೆ ಅವನ ಜಟೆ ಕಾಣುತ್ತಿತ್ತು. ಭಾವ ಎಂದು ಕರೆಯುವುದನ್ನು ಅವತ್ತೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಬಾಯಲ್ಲಿ ಅವನ ಬಗ್ಗೆ ಒಳ್ಳೆಯ ಮಾತು ಹುಡುಕಬೇಡಿ.

ಊಟದ ವಿಷಯದಲ್ಲಿ ಅವನ ಜಂಬ ನೋಡಬೇಕಿತ್ತು. ಎಪ್ಪತ್ತು ಹತ್ತಿರ ಬಂದರೂ ದಿವಿಹಲಸಿನ ಮರ ಹತ್ತಿ ಕಾಯಿ ಕೀಳುತ್ತಿದ್ದ. ಸಕ್ಕರೆ ಕಾಯಿಲೆ, ಬಿ.ಪಿ. ಎಂದು ನರಳುವವರು ಎದುರಾದರೆ ಅವರ ಹೊಟ್ಟೆ ನೋಡಿ ನಗುತ್ತಿದ್ದ. ಒಮ್ಮೆ ಸಂತೆಯಲ್ಲಿ ಎಲ್ಲರೆದುರಿಗೆ ನನಗೂ ಹೇಳಿದ.

"ಆರ್ಡೆಲ್, ನಿನ್ನ ಹೊಟ್ಟೆ ಸ್ಮಶಾನ ಕಣೆ. ಎಷ್ಟು ಕೋಳಿ ಹೂತಿದ್ದೀಯ ಅಲ್ಲಿ?"

"ಹೂತಿದ್ದೀನಿ, ಹೌದು. ನೀನು ಕಟ್ಕೊಂಡ ಹೆಂಡ್ತಿನ್ನೂ ಹೂಳ್ಲಿಲ್ಲ" ಎಂದೆ.

ಅದಕ್ಕೂ ನಕ್ಕ. ಅವನ ಜೊತೆ ಜಗಳ ಆಡುವುದೂ ಕಷ್ಟ.

ಅವನಿಗೂ ಅಕ್ಕನಿಗೂ ಇದ್ದದ್ದು ಒಬ್ಬಳೇ ಮಗಳು, ಕೆಜಾಯ. ತಾಯಿ ಸತ್ತ ಮೇಲೆ ಹುಡುಗಿ ಜಟೆ ಕತ್ತರಿಸಿಕೊಂಡು ಉತ್ತರದ ಕರಾವಳಿಗೆ ಹೋಗಿ ದೊಡ್ಡ ಹೋಟೆಲೊಂದರ ಅಡುಗೆಮನೆ ಸೇರಿದಳು. ಅಲ್ಲಿ ಅವಳ ಕೆಲಸ ಹಂದಿ ಸುಡುವುದು. ಪ್ರವಾಸಿಗಳು ಅವಳ ಕೈರುಚಿಗೆ ಸಾಲು ನಿಲ್ಲುತ್ತಿದ್ದರಂತೆ. ಈ ಸುದ್ದಿ ಬಂದ ದಿನ ನಫ್ತಾಲಿ ಅವಳ ಚಾಪೆ ಸುಟ್ಟ. ಪ್ರತಿ ಕ್ರಿಸ್ಮಸ್ಸಿಗೆ ಅವಳು ಬಂದು ತಗಡಿನ ಗೇಟಿನ ಹೊರಗೆ ನಿಲ್ಲುತ್ತಿದ್ದಳು. "ಕೆಜಾಯ ಬಂದಿದ್ದಾಳೆ" ಎಂದು ನಾನು ಕೂಗಿದರೆ ಒಳಗಿನಿಂದ "ಯಾರು?" ಎನ್ನುತ್ತಿದ್ದ. ಆಗ ಅವನ ಬುದ್ಧಿ ನೆಟ್ಟಗೇ ಇತ್ತು, ಬೇಕೆಂದೇ ಕೇಳುತ್ತಿದ್ದ. ಅವಳು ತಂದ ಹಣ್ಣಿನ ಬುಟ್ಟಿಯನ್ನು ಗೇಟಿನ ಬುಡದಲ್ಲಿಟ್ಟು ನನ್ನ ಮನೆಗೆ ಬಂದು ಅಳುತ್ತಿದ್ದಳು.

ಆಮೇಲೆ ಅವನ ಬುದ್ಧಿ ನಿಜವಾಗಿಯೂ ಕೈಕೊಟ್ಟಿತು. ಮೊದಲು ಕಾಲು. ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ ಎನ್ನುತ್ತಿದ್ದ. ಆಮೇಲೆ ರಾಸ್ತಾಗಳ ಶನಿವಾರದ ಕೂಟದಲ್ಲಿ ನಗಾರಿ ಬಾರಿಸುತ್ತಾ ಬಾರಿಸುತ್ತಾ ನಡುವೆ ಕೈ ನಿಲ್ಲಿಸಿ, ಮುಂದೇನೆಂದು ಪಕ್ಕದವರ ಮುಖ ನೋಡತೊಡಗಿದ. ತಾನೇ ನೆಟ್ಟ ಗೆಣಸನ್ನು ಬೇರೆಯವರದ್ದೆಂದು ಅಗೆಯದೆ ಬಿಟ್ಟ. ಒಂದು ಮಧ್ಯಾಹ್ನ ಬಸ್ಸಿನ ರಸ್ತೆಯಲ್ಲಿ ಬಿದ್ದಿದ್ದವನನ್ನು ಯಾರೋ ಎತ್ತಿ ಆಸ್ಪತ್ರೆಗೆ ಹಾಕಿದರು. ನಾನು ಕೆಜಾಯಳಿಗೆ ಹೇಳಿ ಕಳಿಸಿದೆ. ಇಬ್ಬರೂ ಹೋದೆವು.

ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ಅವನ ನಾಲಿಗೆ ಹೊರಗೆ ಹಾಕಿಸಿ ತೋರಿಸಿದಳು. ಕೆಂಪಗೆ ನುಣ್ಣಗಾಗಿತ್ತು.

"ಇವರಿಗೆ ಈಗ ಯಾವ ರುಚಿನೂ ಸರಿಯಾಗಿ ಗೊತ್ತಾಗ್ತಿಲ್ಲ" ಎಂದಳು. "ರಕ್ತದಲ್ಲಿ ಬಿ-ಹನ್ನೆರಡು ವಿಟಮಿನ್ ಇಲ್ಲ ಅಂತಲೇ ಹೇಳಬೇಕು. ಅದು ಸೊಪ್ಪು, ಗೆಡ್ಡೆಲಿ ಸಿಗಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಯಾವುದಾದ್ರೂ ಒಂದು ಬೇಕು. ಅದಿಲ್ಲದೆ ನರ ಸೊರಗುತ್ತೆ, ಮಿದುಳೂ ಸೊರಗುತ್ತೆ."

"ಮರೆವು ಹೋಗತ್ತಾ?" ಕೆಜಾಯ ಕೇಳಿದಳು.

"ವಯಸ್ಸಾದವರ ಮರೆವೆಲ್ಲ ಇದರಿಂದಲೇ ಬರಲ್ಲ. ಇವರದ್ದು ಇದರಿಂದ ಬಂದಿದ್ರೆ ವಾಪಸ್ ಬರಬಹುದು. ತಡ ಮಾಡಿದ್ರೆ ಬರಲ್ಲ. ಇಂಜೆಕ್ಷನ್ ಕೊಡ್ತೀನಿ, ಮಾತ್ರೆನೂ ಇದೆ."

ಇಂಜೆಕ್ಷನ್ ಕೊಡುವುದರೊಳಗೆ ರಾಸ್ ಓಬೇದ್ ಇಬ್ಬರನ್ನು ಕಟ್ಟಿಕೊಂಡು ಬಂದ. ಓಬೇದ್ ನಫ್ತಾಲಿಯ ಹಳೆಯ ಗೆಳೆಯ, ಕೂಟದ ಹಿರಿಯ; ರಾಸ್, ಬೊಂಗೊ ಎನ್ನುವುದೆಲ್ಲ ಅವರಲ್ಲಿ ಗೌರವಕ್ಕೆ ಸೇರಿಸುವ ಹೆಸರು. ಅವರು 'ನಾವು' ಎನ್ನುವುದಿಲ್ಲ, 'ನಾನೂ ನಾನೂ' ಎನ್ನುತ್ತಾರೆ. ಎಲ್ಲರೊಳಗೂ ಇರುವುದು ಒಬ್ಬನೇ ಎಂದು. ಸರ್ಕಾರ, ಆಸ್ಪತ್ರೆ, ಹೊರಗಿನ ಕೆಟ್ಟ ಲೋಕವೆಲ್ಲ ಅವರ ಬಾಯಲ್ಲಿ ಬಾಬಿಲೋನ್.

"ನಾನೂ ನಾನೂ ಬಾಬಿಲೋನಿನ ಸೂಜಿ ಚುಚ್ಚಿಸ್ಕೊಳ್ಳಲ್ಲ" ಎಂದು ಹೇಳಿ ನಫ್ತಾಲಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಹೋದ. ಡಾಕ್ಟರು ಕೊಟ್ಟ ಮಾತ್ರೆಯ ಡಬ್ಬಿ ಮಾರನೆಯ ದಿನ ಓಬೇದ್‌ನ ಕಣ್ಣಿಗೆ ಬಿತ್ತು. ಅದನ್ನು ಕಕ್ಕಸಿನ ಗುಂಡಿಗೆ ಸುರಿದ.

ಕೆಜಾಯ ಹೋಟೆಲಿನ ಕೆಲಸ ಬಿಟ್ಟು ತಂದೆಯ ಮನೆ ಸೇರಿದಳು. ಈಗ ಗೇಟು ಹಾಕುವವರು ಯಾರೂ ಇರಲಿಲ್ಲ. ನಫ್ತಾಲಿ ಅವಳನ್ನು ನೋಡಿದವನೇ "ಈನಿಡ್, ಎಲ್ಲಿ ಹೋಗಿದ್ದೆ ಇಷ್ಟೊತ್ತು?" ಎಂದ. ಅವಳ ಮುಖ ತಾಯಿಯದೇ ಅಚ್ಚು. ಅವನು ಅವಳ ಕೈಯಿಂದ ಉಣ್ಣುತ್ತಿದ್ದ, ಸೆರಗು ಹಿಡಿದ ಮಗುವಿನ ಹಾಗೆ ಅವಳ ಹಿಂದೆ ಅಂಗಳದಲ್ಲೆಲ್ಲ ತಿರುಗುತ್ತಿದ್ದ. ಒಂದು ದಿನ ನನ್ನೆದುರಿಗೇ ಅವಳ ಕೈ ಹಿಡಿದು, "ನಿನ್ನ ಮಣ್ಣು ಮಾಡುವಾಗ ನಾನು ಬರಲಿಲ್ಲ ಅಲ್ವಾ ಈನಿಡ್? ಯಾಕೆ ಬರಲಿಲ್ಲ ಅಂತ ನೆನಪಾಗ್ತಿಲ್ಲ" ಎಂದು ಅತ್ತ. ನಾನು ಎದ್ದು ಹೊರಗೆ ಹೋದೆ. ಅವನು ಅಳುವುದನ್ನು ನೋಡಲು ನಾನು ಎಷ್ಟು ಕಾದಿದ್ದೆ, ಆದರೆ ನಾನು ಕಾದದ್ದು ಯಾಕೆಂದೇ ಮರೆತು ಅಳುವ ಈ ಮುದುಕನಿಗಾಗಿ ಅಲ್ಲ.

"ಹೀಗೇ ಇರಲಿ ಬಿಡೆ" ಎಂದೆ ಕೆಜಾಯಳಿಗೆ. "ಜನ್ಮದಲ್ಲಿ ಒಂದು ಸಲ ಮನುಷ್ಯನ ಹಾಗಾಗಿದ್ದಾನೆ. ನಿನ್ನ ಮುದ್ದು ಮಾಡ್ತಾನೆ, ತಗೋ."

"ಆ ಮುದ್ದು ಅಮ್ಮಂಗೆ, ಚಿಕ್ಕಮ್ಮ. ನಂಗಲ್ಲ. ಒಂದೇ ಒಂದು ಸಲ ನನ್ನ ಗುರುತು ಹಿಡಿದು ಅಪ್ಪ ನನ್ನ ಹೆಸರು ಹೇಳಬೇಕು. ಕೆಜಾಯ ಅನ್ನಬೇಕು. ಅಷ್ಟಾದ್ರೆ ನಾನು ಹೊರಟು ಹೋಗ್ತೀನಿ."

ಆಗ ನಾನು ಲಿವರಿನ ಮಾತು ತೆಗೆದೆ. ಶನಿವಾರ ಬೆಳಗ್ಗೆ ನಾವೆಲ್ಲ ಬಾಳೆಕಾಯಿಯ ಜೊತೆ ತಿನ್ನುವುದೇ ದನದ ಲಿವರ್; ಮಾಂಸದಂಗಡಿಯಲ್ಲಿ ನನಗೆ ಕೇಳದೇ ಕಟ್ಟಿಕೊಡುತ್ತಾರೆ. ಡಾಕ್ಟರು ಹೇಳಿದ ಸತ್ವ ಅದರಲ್ಲಿ ಇದ್ದಷ್ಟು ಬೇರೆ ಯಾವುದರಲ್ಲೂ ಇಲ್ಲ. ಮಾತ್ರೆಯನ್ನೇ ಇನ್ನೊಂದು ಡಬ್ಬಿ ತಂದು ನನ್ನ ಮನೆಯಲ್ಲಿ ಅರೆದು ಬೆರೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೆಜಾಯಳೂ ಕೇಳಿದಳು. "ಮಾತ್ರೆನ ಯಾರು ನಂಬ್ತಾರೆ, ಲಿವರ್ ಆದ್ರೆ ಬೇಗ ಹಿಡಿಯತ್ತೆ" ಎಂದುಬಿಟ್ಟೆ. ನನಗೆ ಅವನ ಬಾಯೊಳಗೆ ಸತ್ತ ದನ ಹೋಗಬೇಕಿತ್ತು. ನನ್ನ ಹೊಟ್ಟೆ ಸ್ಮಶಾನವಾದರೆ ಅವನದ್ದೂ ಆಗಲಿ.

ಅವಳು ಅಡುಗೆಯವಳಲ್ಲವೇ, ಕೆಲಸ ಅಚ್ಚುಕಟ್ಟು. ನನ್ನ ಒಲೆಯ ಮೇಲೆ ಲಿವರ್ ಬೇಯಿಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಚಿಕ್ಕ ಡಬ್ಬಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಅಲ್ಲಿ ಕೆಂಪು ಕಾಳು, ತೆಂಗಿನ ಹಾಲು, ಈರುಳ್ಳಿ ಸೊಪ್ಪು, ವಾಸನೆ ಮುಚ್ಚಲು ಕೈತುಂಬ ಥೈಮ್ ಸೊಪ್ಪು ಹಾಕಿ ಕುದಿಸುತ್ತಿದ್ದ ಮಡಕೆಗೆ ಅದನ್ನು ಸುರಿಯುತ್ತಿದ್ದಳು. ಓಬೇದ್ ಬಂದು ಮುಚ್ಚಳ ತೆಗೆದು ಮೂಸಿ, "ನಿನ್ನ ತಾಯಿ ಕೈ ಬಂದಿದೆ ಕಣಮ್ಮ" ಎಂದು ಹೊಗಳಿ ಹೋಗುತ್ತಿದ್ದ. ನಫ್ತಾಲಿ ಬಟ್ಟಲು ನೆಕ್ಕುತ್ತಿದ್ದ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅಂಥ ಸಂತೋಷ ನನಗೆ ಚರ್ಚಿನಲ್ಲೂ ಸಿಕ್ಕಿಲ್ಲ.

ಕೆಲವು ತಿಂಗಳಲ್ಲಿ ಅವನ ಕಾಲು ನೆಲ ಕಂಡಿತು. ಪಾತಿಯಲ್ಲಿ ತನ್ನ ಗೆಣಸು ಯಾವುದು ಎಂದು ತೋರಿಸಿದ. ನಗಾರಿಯ ಕಟ್ಟು ಬಿಗಿದು ಬಾರಿಸಿದ. ಒಂದು ಬೆಳಗ್ಗೆ ಕೆಜಾಯ ಓಡುತ್ತಾ ನನ್ನ ಮನೆಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಪ್ಪ ಅಂದ್ರು, ಚಿಕ್ಕಮ್ಮ. ಎದ್ದ ತಕ್ಷಣ ನನ್ನೇ ನೋಡ್ತಾ ಇದ್ರು. ಕೆಜಾಯ, ನಿನ್ನ ಜಟೆ ಎಲ್ಲಿ, ಅಂದ್ರು."

"ಬೈದನಾ?"

"ಬೈದರೇನು? ಹೆಸರು ಹೇಳಿದ್ರು."

ನಕ್ಕಳು, ಅತ್ತಳು, ನನ್ನ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅವತ್ತೇ ಹೊರಟುಹೋಗು ಎಂದು ನಾನು ಹೇಳಿದ್ದರೆ ಚೆನ್ನಾಗಿತ್ತು. ಹೇಳಲಿಲ್ಲ, ಹೇಳಿದ್ದರೂ ಅವಳು ಹೋಗುತ್ತಿರಲಿಲ್ಲ. ಒಂದು ಸಲ ಸಾಕು ಎಂದವಳಿಗೆ ಈಗ ಇನ್ನೊಂದು ಸಲ ಬೇಕಾಗಿತ್ತು.

ವಾಸಿಯಾಗುತ್ತಿದ್ದದ್ದು ಮಿದುಳೊಂದೇ ಅಲ್ಲ. ನಾಲಿಗೆಯೂ ವಾಸಿಯಾಗುತ್ತಿತ್ತು. ಇಷ್ಟು ದಿನ ಅವನಿಗೆ ಮಣ್ಣು ತಿನ್ನಿಸಿದ್ದರೂ ತಿಳಿಯುತ್ತಿರಲಿಲ್ಲ. ಈಗ ತುತ್ತು ಬಾಯಲ್ಲಿಟ್ಟು ತಡೆದು, ನಿಧಾನವಾಗಿ ಅಗಿದು ನುಂಗುತ್ತಿದ್ದ. ಹಲ್ಲು ನೋಯುತ್ತಿರಬೇಕು ಎಂದುಕೊಂಡೆವು. ಉಪ್ಪಿನ ರುಚಿಯನ್ನೇ ಕಾಣದ ನಾಲಿಗೆಗೆ ರಕ್ತದ ರುಚಿ ಎಷ್ಟು ಹೊತ್ತು ಅಡಗಿರುತ್ತದೆ? ಅವನು ಅದನ್ನು ತೋರಗೊಡದೆ ಶನಿವಾರಕ್ಕೆ ಎಲ್ಲರನ್ನೂ ಊಟಕ್ಕೆ ಕರೆದ. ನನ್ನನ್ನೂ ಕರೆದ.

ಅಂಗಳದಲ್ಲಿ ಕೂಟದ ಸೋದರರೆಲ್ಲ ಸುತ್ತ ಕೂತರು, ಓಬೇದ್ ಅವನ ಬಲಗಡೆ. ಬುರುಡೆಯ ಬಟ್ಟಲುಗಳು ಸಾಲಾಗಿ ಇದ್ದವು. ನಫ್ತಾಲಿ ಗಂಟಲು ಸರಿಮಾಡಿಕೊಂಡು, "ಮಗಳೇ" ಎಂದ.

ಕೆಜಾಯ ತಿರುಗಿದಳು. ಆ ಮಾತು ಅವಳು ಹುಡುಗಿಯಾಗಿದ್ದಾಗ ಕೇಳಿದ್ದು.

"ಮಗಳೇ, ಮಡಕೆ ತಗೊಂಡು ಬಾ. ಎಲ್ಲರಿಗೂ ನಿನ್ನ ಕೈಯಾರೆ ಬಡಿಸು. ಮೊದಲು ಓಬೇದ್‌ಗೆ."

ಅವಳು ಮಡಕೆ ತಂದಳು. ಸೌಟು ಅದ್ದಿದಳು. ಓಬೇದ್ ಬಟ್ಟಲು ಚಾಚಿದ. ಸೌಟು ಮಡಕೆಯಲ್ಲೇ ಉಳಿಯಿತು.

"ಬಡಿಸಮ್ಮ" ಎಂದ ನಫ್ತಾಲಿ. ದನಿ ಬೆಣ್ಣೆಯಂತಿತ್ತು. "ನಂಗೆ ದಿನಾ ಬಡಿಸ್ತೀಯಲ್ಲ, ಅದನ್ನೇ ಬಡಿಸು. ಯಾಕೆ, ಅಪ್ಪಂಗೆ ಆಗಿದ್ದು ಇವರಿಗೆ ಆಗಲ್ವಾ?"

ಹಂದಿ ಸುಟ್ಟು ನೂರಾರು ಜನರಿಗೆ ಬಡಿಸಿದ ಕೈ ಅದು. ಆದರೆ ಬೇರೆಯವರ ವ್ರತ ಕೆಡಿಸಲು ಅದು ಏಳಲಿಲ್ಲ. "ತಿನ್ನಬೇಡಿ" ಎಂದಳು. "ಇದರಲ್ಲಿ ದನದ ಲಿವರ್ ಇದೆ."

ಓಬೇದ್‌ನ ಬಟ್ಟಲು ಕೆಳಗೆ ಬಿತ್ತು. ಅವಳು ಎಲ್ಲ ಹೇಳಿದಳು. ಡಾಕ್ಟರು, ರಕ್ತ, ನರ. ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

"ನಿಮ್ಮ ಬುದ್ಧಿ ವಾಪಸ್ ಬಂದಿದ್ದು ಇದರಿಂದ ಅಪ್ಪ. ನನ್ನ ಗುರುತು ಸಿಕ್ಕಿದ್ದೂ ಇದರಿಂದಲೇ."

"ಬುದ್ಧಿ ಕೊಡೋನು ಮೇಲಿದ್ದಾನೆ" ಎಂದ ನಫ್ತಾಲಿ. "ನೀನು ಕೊಟ್ಟಿದ್ದು ಹೆಣ. ನಿನ್ನ ತಾಯಿ ಹೆಣದ ಹತ್ತಿರ ಹೋಗದೆ ಉಳಿಸ್ಕೊಂಡ ಶುದ್ಧಿನ ನೀನು ಒಲೆ ಮೇಲೆ ಬೇಯಿಸಿ ಹಾಕ್ದೆ."

ಎದ್ದು ಮಡಕೆ ಎತ್ತಿ ಅವಳ ಕಾಲ ಬುಡದಲ್ಲಿ ಒಡೆದ. ಬಿಸಿ ಸಾರು ಅವಳ ಪಾದದ ಮೇಲೆ ಹರಿಯಿತು. ಅವಳು ಕದಲಲಿಲ್ಲ. ನಾನು ಕೈ ಹಿಡಿದೆಳೆದೆ, "ಬಾರೆ, ಹೋಗೋಣ" ಎಂದೆ.

"ಹೋಗೋದು ಸುಲಭ" ಎಂದ ಅವನು. "ಹಿಂದೆನೂ ಹೋಗಿದ್ದಳು. ಈ ಸಲ ಇಲ್ಲೇ ಇರ್ಲಿ. ಹೊರಗೆ ಕೊಟ್ಟಿಗೆಲಿ ಮಲಗ್ಲಿ. ಹೊಸ ಮಡಕೇಲಿ ಶುದ್ಧವಾಗಿ ಬೇಯಿಸಿ ಹಾಕ್ಲಿ, ಈ ದೇಹ ಇರೋ ತನಕ. ನನ್ನ ಬಾಯಲ್ಲಿ ಇನ್ನು ಇವಳ ಹೆಸರು ಬರಲ್ಲ."

ಕೆಜಾಯ ನನ್ನ ಕೈ ಬಿಡಿಸಿಕೊಂಡಳು. ಪಾದ ಸುಟ್ಟು ಕೆಂಪಾಗಿತ್ತು, ಮುಖ ಮಾತ್ರ ತಣ್ಣಗಿತ್ತು.

"ಸೊಪ್ಪು, ಗೆಡ್ಡೆ, ಕಾಳು. ಬೇರೆ ಒಂದು ತೊಟ್ಟೂ ಇಲ್ಲ. ಹೌದಾ ಅಪ್ಪ?"

"ಹೌದು."

"ಬುದ್ಧಿ ಮತ್ತೆ ಹೋದ್ರೂ?"

ಅವನು ನಕ್ಕ, ಸಂತೆಯಲ್ಲಿ ನನ್ನ ಹೊಟ್ಟೆ ನೋಡಿ ನಕ್ಕ ಹಾಗೆ. "ಹೋದ್ರೂ. ಬೇಡಿದ್ರೂ ಕೊಡಬೇಡ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ" ಎಂದು ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಮಡಕೆಯ ಚೂರು ಆಯತೊಡಗಿದಳು.

ಅಲ್ಲಿಂದ ಮುಂದೆ ಅವಳು ಬೇಯಿಸಿದ್ದಕ್ಕಿಂತ ಶುದ್ಧವಾದ ಅಡುಗೆ ಈ ದ್ವೀಪದಲ್ಲಿ ಯಾರೂ ಉಂಡಿರಲಾರರು. ಸೊಪ್ಪಿನ ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಹುಳ ಇದ್ದರೆ ತೆಗೆದು, ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. ನನ್ನ ಮನೆಗೆ ಬರುವುದನ್ನೇ ಬಿಟ್ಟಳು, ಮಾಂಸದ ಮನೆಯ ಗಾಳಿ ಸೋಕಬಾರದಂತೆ. ನಫ್ತಾಲಿ ಅವಳನ್ನು "ಏ, ಅಡುಗೆಯವಳೇ" ಎಂದು ಕೂಗುತ್ತಿದ್ದ. ಮುಟ್ಟಿದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದ. ಗುಡ್ಡ ಹತ್ತಿ ಬಂದವರಿಗೆಲ್ಲ ಅವಳ ಕಥೆ ಹೇಳಿ, ಅವಳನ್ನು ಕರೆದು ಎದುರಿಗೆ ನಿಲ್ಲಿಸುತ್ತಿದ್ದ. ಅವಳು ನಿಂತಿರುತ್ತಿದ್ದಳು, ಕೈಕಟ್ಟಿ.

ಮಾವಿನ ಕಾಲ ಕಳೆದು ಇನ್ನೊಂದು ಮಾವಿನ ಕಾಲ ಬರುವಷ್ಟರಲ್ಲಿ ಅವನ ಕಾಲಡಿಗೆ ಮತ್ತೆ ಹತ್ತಿ ಬಂತು. ಬೈಗುಳದ ನಡುವೆ ಪದ ಸಿಗದೆ ನಿಲ್ಲುತ್ತಿದ್ದ. ಅವಳು ಕಾಯುತ್ತಿದ್ದಳು, ಅಷ್ಟೇ, ಪದ ತೋರಿಸಿಕೊಡುತ್ತಿರಲಿಲ್ಲ. ಮೊದಲು ಹೆದರಿದವನು ಓಬೇದ್. ಒಂದು ಸಂಜೆ ಬಾಳೆಲೆಯಲ್ಲಿ ಗೇಣುದ್ದದ ನಾಲ್ಕು ಮೀನು ಸುತ್ತಿಕೊಂಡು ಬಂದ.

"ಇದಕ್ಕೆ ದೋಷ ಇಲ್ಲಮ್ಮ. ನಾನೂ ತಿಂತೀನಿ, ನೋಡು, ನನ್ನ ತಲೆ ಸರಿಯಾಗೇ ಇದೆ. ಪುಡಿ ಮಾಡಿ ಹಾಕು. ಅವನಿಗೆ ಹೇಳೋದೇನೂ ಬೇಡ."

"ಕದ್ದು ಹಾಕು ಅಂತೀರಾ?"

"ಗೆಳೆಯ ಕಣಮ್ಮ ಅವನು."

"ಅಪ್ಪ ನಿಮ್ಮೆಲ್ಲರ ಮುಂದೆ ಮಾತು ತಗೊಂಡಿದ್ದಾರೆ. ನಾನು ಮೀರಲ್ಲ" ಎಂದು ಮೀನು ಅವನ ಕೈಗೇ ವಾಪಸ್ ಕೊಟ್ಟಳು. ಜಟೆ ಹೊತ್ತ ಆ ದೊಡ್ಡ ಮನುಷ್ಯ ಗೇಟಿನ ಹತ್ತಿರ ಕಣ್ಣೊರೆಸಿಕೊಂಡ.

ನನಗೆ ಖುಷಿಯಾಗಬೇಕಿತ್ತು. ಅಕ್ಕನ ಗೋರಿಯ ಮೇಲೆ ನಿಂತು ನಾನು ಬೇಡಿಕೊಂಡದ್ದು ಇಂಥದ್ದನ್ನೇ. ಆದರೆ ನನಗೆ ಭಯ ಹತ್ತಿತು, ಅವನಿಗಾಗಿ ಅಲ್ಲ, ಅವಳಿಗಾಗಿ. ನಾನೇ ಒಂದು ದಿನ ಹೋಗಿ, "ಸಾಕು ಮಾಡೆ, ಒಂದು ಮೊಟ್ಟೆನಾದ್ರೂ ಕೊಡು" ಎಂದೆ.

"ನೀವು ಅವತ್ತು ಹೇಳಿದ್ರಲ್ಲ ಚಿಕ್ಕಮ್ಮ, ಹೀಗೇ ಇರಲಿ ಬಿಡು ಅಂತ" ಎಂದಳು. "ನಂಗೆ ಆಗ ಅರ್ಥ ಆಗಿರಲಿಲ್ಲ."

ಮಳೆ ನಿಂತ ಮೇಲೆ ಸರ್ಕಾರಿ ಆರೋಗ್ಯದ ವ್ಯಾನು ಗುಡ್ಡಕ್ಕೆ ಬಂತು, ವಯಸ್ಸಾದವರನ್ನು ಮನೆ ಬಾಗಿಲಲ್ಲೇ ನೋಡುವುದಕ್ಕೆ. ನಾನು ನರ್ಸನ್ನು ಕರೆದುಕೊಂಡು ನಫ್ತಾಲಿಯ ಅಂಗಳಕ್ಕೆ ಹೋದೆ. ಅವನು ಮರದ ಬುಡದಲ್ಲಿ ಕೂತಿದ್ದ. ಕೆಜಾಯ ಅವನ ಜಟೆಗೆ ಎಣ್ಣೆ ಹಚ್ಚುತ್ತಿದ್ದಳು. ಕೊಟ್ಟಿಗೆಯಿಂದ ಅವಳ ಹಾಸಿಗೆ ಒಳಗೆ ಹೋಗಿತ್ತು. ಅವಳ ಕೆನ್ನೆ ಅಷ್ಟು ತುಂಬಿಕೊಂಡದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನರ್ಸು ಅವನ ಕಣ್ಣು, ನಾಲಿಗೆ, ಪಾದ ನೋಡಿದಳು. ನಾನು ಹಳೆಯದೆಲ್ಲ ಹೇಳಿದೆ. "ಇಂಜೆಕ್ಷನ್ ನನ್ನ ಹತ್ತಿರಾನೇ ಇದೆ" ಎಂದಳು. "ಈಗಲೂ ಸ್ವಲ್ಪ ಬುದ್ಧಿ ಬರಬಹುದು. ಇನ್ನು ಆರು ತಿಂಗಳು ಬಿಟ್ರೆ ನಾನು ಹೇಳಲಾರೆ. ತಾತ, ಚುಚ್ಚಲಾ? ನೋವಾಗಲ್ಲ."

ನಫ್ತಾಲಿ ಅವಳ ಮುಖ ನೋಡಿ ಮಗುವಿನ ಹಾಗೆ ನಕ್ಕ. ತಾನೇ ಅಂಗಿಯ ತೋಳು ಮೇಲೆ ಮಾಡಿ ಕೈ ಚಾಚಿದ. ಆಮೇಲೆ ಏನೋ ಅನುಮಾನ ಬಂದವನಂತೆ ಕತ್ತು ತಿರುಗಿಸಿ ಮಗಳನ್ನು ಕೇಳಿದ.

"ಈನಿಡ್, ಚುಚ್ಚಿಸ್ಕೊಳ್ಳಲಾ?"

ನರ್ಸು ಕಾದಳು. ಕೆಜಾಯ ಎಣ್ಣೆಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅವನ ತೋಳನ್ನು ಮೆಲ್ಲಗೆ ಕೆಳಗಿಳಿಸಿ ಗುಂಡಿ ಹಾಕಿದಳು.

"ಬೇಡ ನಫ್ತಾಲಿ" ಎಂದಳು. "ಊಟ ಆಗಿದೆ, ಒಳಗೆ ನಡಿ."

ಅವನು ಅವಳ ಕೈ ಹಿಡಿದು ಎದ್ದ.